ಕಣ್ಣು ಮುಚ್ಚದ ಲಕ್ಷ್ಮಿ

ಸರುಬಾಯಿಯ ಹೆಬ್ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ.

ದಾಲ್ ಮಿಲ್ಲಿನ ಗೇಟಿನ ಪಕ್ಕದ ಗೋಡೆಗೆ ಬಡಿದಿದ್ದ ಅಂಗೈಯಗಲದ ಕರಿ ಡಬ್ಬಿ ಅದು. ಬೆರಳಿಟ್ಟರೆ ಹಸಿರು ದೀಪ ಹತ್ತಬೇಕು. ಸರುಬಾಯಿ ಇಟ್ಟರೆ ಕೆಂಪು ಹತ್ತುತ್ತಿತ್ತು. ಸೆರಗಿಗೆ ಒರೆಸಿ ಇಟ್ಟಳು, ಕೆಂಪು. ನಾಲಿಗೆಗೆ ತಾಗಿಸಿ ಇಟ್ಟಳು, ಮತ್ತೆ ಕೆಂಪು. ತಲೆಗೂದಲಿಗೆ ತಿಕ್ಕಿ ಎಣ್ಣೆಯ ಜಿಡ್ಡು ಹಚ್ಚಿ ಒತ್ತಿದಳು. ಹಿಂದೆ ಸಾಲುಗಟ್ಟಿದ ಹೆಂಗಸರು ಬೈಯತೊಡಗಿದರು. ಹಾಜರಿ ಬೀಳದಿದ್ದರೆ ಅರ್ಧ ದಿನದ ಕೂಲಿಗೆ ಕತ್ತರಿ. ಹೆಂಗಸು ಯಂತ್ರದ ಮುಂದೆಯೇ ಬೆವರುತ್ತ ನಿಂತಿದ್ದರೂ ಯಂತ್ರದ ಪ್ರಕಾರ ಆಕೆ ಕೆಲಸಕ್ಕೆ ಬಂದಿರಲಿಲ್ಲ.

ತಪ್ಪು ಬೆರಳಿನದಲ್ಲ. ಮೈನೆರೆದಾಗಿನಿಂದ ಆಕೆ ಮಾಡಿದ್ದು ಎರಡೇ ಕೆಲಸ. ತೊಗರಿ ಬೇಳೆಯಲ್ಲಿ ಹರಳು ಆರಿಸುವುದು, ಹರಿದ ಗೋಣಿಚೀಲಗಳಿಗೆ ದಬ್ಬಣ ಹಿಡಿದು ಸುತಳಿಯಿಂದ ತೇಪೆ ಹಾಕುವುದು. ಬೇಳೆ ಮತ್ತು ಸುತಳಿ ಸೇರಿ ಆಕೆಯ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿದ್ದವು. ಯಾರ ಬೇಳೆಗಾಗಿ ಬೆರಳು ಸವೆಯಿತೋ ಅವರ ಯಂತ್ರವೇ ಈಗ ಆ ಬೆರಳನ್ನು ಒಲ್ಲೆ ಅನ್ನುತ್ತಿತ್ತು.

ಇದಕ್ಕೊಂದು ದಾರಿ ಮಾಡಿಕೊಟ್ಟವನು ದಿಗಂಬರ. ಶಿರೂರ ಅನಂತಪಾಳದ ಹುಡುಗ, ಲಾತೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿ ಈ ಮಿಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಸೇರಿದ್ದ. ಒಂದು ರಜೆಯ ದಿನ ಹೆಂಗಸರನ್ನೂ ಹಮಾಲರನ್ನೂ ಕೂರಿಸಿಕೊಂಡು, ದೊಡ್ಡ ಯಂತ್ರದಲ್ಲಿ ಒಬ್ಬೊಬ್ಬರ ಹತ್ತೂ ಬೆರಳಿನ ಗುರುತು ತೆಗೆದ. ಯಾವ ಬೆರಳಲ್ಲಿ ಗೆರೆ ಉಳಿದಿದೆಯೋ ಅದನ್ನೇ ಹಾಜರಿಗೆ ಇಡಿ ಅಂದ. ಸರುಬಾಯಿಗೆ ಎಡಗೈಯ ಉಂಗುರದ ಬೆರಳು ಕೂಡಿಬಂತು. ಹಸಿರು ದೀಪ ಹತ್ತಿದಾಗ ಆಕೆ ಅವನ ಗಲ್ಲ ಸವರಿ ನೆಟಿಕೆ ಮುರಿದಳು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಎಲ್ಲರೂ ಹರಸಿದರು. ಆ ಹತ್ತು ಬೆರಳು, ಆಧಾರ್ ಸಂಖ್ಯೆ, ಕೂಲಿ ಜಮೆಯಾಗುವ ಬ್ಯಾಂಕಿನ ಹೆಸರು, ಎಲ್ಲವೂ ಮಿಲ್ಲಿನ ಸರ್ವರಿನೊಳಗೆ ಹೋಗಿ ಕೂತವು.

ಮಿಲ್ಲು ಕಲ್ಯಾಣಪ್ಪ ಸಾವ್ಕಾರರದು. ಉದಗೀರ ದಾಟಿ ನಿಲಂಗಾ ಕಡೆ ಹೊರಟರೆ ಎಡಕ್ಕೆ ಅದರ ಚಿಮಣಿ ಕಾಣುತ್ತದೆ. ಕಲ್ಯಾಣಪ್ಪ ದಿನಾ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಬಿಳಿ ಹಾಸಿನ ಗಾದಿಗೆ ಬಂದು ಕೂರುವವರು. ಅವರು ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. ಸುಳ್ಳು ಹೇಳುವ ಕೆಲಸಕ್ಕೆ ಬೇರೆ ಜನ ಇದ್ದರು.

ಗಾದಿಯ ಪಕ್ಕದ ಗಾಜಿನ ಕಪಾಟಿನಲ್ಲಿ ಮೊದಲು ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಇರುತ್ತಿತ್ತಂತೆ. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅದನ್ನು ತೆರೆದಿಟ್ಟರೆ ಮುಂದಿನ ದೀಪಾವಳಿಯವರೆಗೆ ಮುಚ್ಚುವಂತಿರಲಿಲ್ಲ. ಲಕ್ಷ್ಮಿ ಕಣ್ಣು ಮುಚ್ಚಬಾರದು ಎಂಬುದು ಆ ಮನೆತನದ ಕಟ್ಟಳೆ. ಪುಸ್ತಕ ಹೋಗಿ ಅದೇ ಕಪಾಟಿಗೆ ಸರ್ವರ್ ಬಂತು. ಕಟ್ಟಳೆಯೂ ಸರ್ವರಿನ ಮೇಲೆ ಬಂದು ಕೂತಿತು. ದೀಪಾವಳಿಯ ಸಂಜೆ ಒಮ್ಮೆ ಅದನ್ನು ನಿಲ್ಲಿಸಿ, ಒರೆಸಿ, ಕುಂಕುಮ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಚಾಲೂ ಮಾಡಿದರೆ ಮುಗಿಯಿತು, ವರ್ಷವಿಡೀ ಯಾರೂ ನಿಲ್ಲಿಸುವಂತಿಲ್ಲ. ಕರೆಂಟು ಹೋದರೆ ಇನ್ವರ್ಟರ್, ಅದೂ ಹೋದರೆ ಜನರೇಟರ್. ಹೆಂಗಸರ ಪಾಯಖಾನೆಗೆ ನೀರಿನ ನಲ್ಲಿ ಇರದ ಮಿಲ್ಲಿನಲ್ಲಿ ಲಕ್ಷ್ಮಿಗೆ ಮೂರು ಕಡೆಯಿಂದ ಕರೆಂಟು. ಹಿಂದೆ ಒಬ್ಬ ಮೆಕ್ಯಾನಿಕ್ ಧೂಳು ಹೊಡೆಯಲೆಂದು ಅದನ್ನು ಬಂದ್ ಮಾಡಿದ್ದನಂತೆ. ಅದೇ ವಾರ ಹೊಟ್ಟಿನ ರಾಶಿಗೆ ಬೆಂಕಿ ಬಿತ್ತು. ಬೀಡಿ ಸೇದಿ ಎಸೆದವನು ಯಾರೆಂದು ಹಮಾಲರಿಗೆಲ್ಲ ಗೊತ್ತಿತ್ತು. ಸಾವ್ಕಾರರ ಪಾಲಿಗೆ ಮಾತ್ರ ಅದು ಲಕ್ಷ್ಮಿಯ ಸಿಟ್ಟು.

ದಿಗಂಬರನಿಗೆ ಮೊದಲ ವರ್ಷ ಇದನ್ನು ನೋಡಿ ನಗು ಬಂದಿತ್ತು. ಎರಡನೇ ವರ್ಷ ಅವನೇ ಸ್ನಾನ ಮಾಡಿ ಬಂದು ಕುಂಕುಮ ಹಚ್ಚಿದ. ಹೊಟ್ಟೆಪಾಡು ಮನುಷ್ಯನಿಗೆ ಬಹಳ ಬೇಗ ಭಕ್ತಿ ಕಲಿಸುತ್ತದೆ.

ಹೋಳಿ ಮುಗಿದ ಮೇಲೆ ಸಾಫ್ಟ್‌ವೇರ್ ಕಂಪನಿಯಿಂದ ಸಂದೇಶ ಬಂತು. ಸರ್ವರಿನೊಳಗೆ ಮಾಹಿತಿಯನ್ನೆಲ್ಲ ಜೋಡಿಸಿಡುವ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಒಂದು ತೂತು ಸಿಕ್ಕಿದೆ, ಪಾಸ್‌ವರ್ಡ್ ಗೊತ್ತಿಲ್ಲದವನೂ ದೂರದಿಂದಲೇ ಅದರೊಳಗೆ ನುಗ್ಗಬಹುದು, ತೂತು ಮುಚ್ಚುವ ಪ್ಯಾಚ್ ಕಳಿಸಿದ್ದೇವೆ, ತಡ ಮಾಡದೆ ಹಾಕಿ ಎಂದು ಅದರಲ್ಲಿತ್ತು. ಹಾಕಬೇಕೆಂದರೆ ಡೇಟಾಬೇಸ್ ನಿಲ್ಲಿಸಿ, ಸರ್ವರನ್ನೂ ಒಮ್ಮೆ ಬಂದ್ ಮಾಡಿ ಮತ್ತೆ ಎಬ್ಬಿಸಬೇಕು. ದಿಗಂಬರ ಚಪ್ಪಲಿ ಹೊರಗೆ ಬಿಟ್ಟು ಗಾದಿಯ ಮುಂದೆ ಕೈಕಟ್ಟಿ ನಿಂತ.

"ಸಾವ್ಕಾರ್ರಿ, ಮಶೀನ್ ಒಂದ್ ತಾಸು ಬಂದ್ ಮಾಡ್ಬೇಕಾಗ್ಯದ್ರಿ. ಅದರಾಗ ತೂತು ಬಿದ್ದದ. ತ್ಯಾಪಿ ಹಾಕ್ಬೇಕು."

"ಚಾಲೂ ಇದ್ದಾಗೇ ಹಾಕು," ಅಂದರು ಕಲ್ಯಾಣಪ್ಪ.

"ಹಂಗ ಬರಂಗಿಲ್ರಿ."

"ಹಂಗಾದ್ರ ದೀಪಾವಳಿಗಿ ಹಾಕು."

ದೀಪಾವಳಿ ಬಹಳ ದೂರವಿದೆ, ಕಳ್ಳರು ಅಲ್ಲಿಯವರೆಗೆ ಸುಮ್ಮನೆ ಕೂರುವುದಿಲ್ಲ ಎಂದು ದಿಗಂಬರ ಮೆಲ್ಲಗೆ ಹೇಳಿ ನೋಡಿದ. ಕಲ್ಯಾಣಪ್ಪ ಆಗ ತಲೆ ಎತ್ತಿದರು. ದನಿ ಏರಿಸಲಿಲ್ಲ.

"ನಮ್ಮಪ್ಪ ಸತ್ತ ದಿನಾನೂ ಈ ಗಾದಿ ಮುಂದಿನ ದೀಪ ಆರಿಲ್ಲ. ನೀ ಹೇಳ್ದಿ ಅಂತ ನಾ ಲಕ್ಷ್ಮಿ ಕಣ್ಣು ಮುಚ್ಚಿಸ್ಲೇನು?"

ತಂದೆಯದು ಮೂಢನಂಬಿಕೆ ಅನ್ನೋಣ. ಮಗ ವೈಭವನದಕ್ಕೆ ಏನನ್ನಬೇಕು? ಪುಣೆಯಲ್ಲಿ ಓದಿ ಬಂದವನು. ಪ್ಯಾಚ್ ಅಂದರೆ ಏನು, ತೂತು ಅಂದರೆ ಏನು, ಎಲ್ಲ ಬಲ್ಲವನು. ಯಾವ ಲಾರಿ ಬಂತು, ಎಷ್ಟು ತೂಕವಾಯಿತು, ಯಾವ ಹೆಂಗಸು ತಡವಾಗಿ ಬಂದಳು, ಇದನ್ನೆಲ್ಲ ಯೆಣೆಗೂರದ ಧಾಬಾದಲ್ಲಿ ಗೆಳೆಯರ ಜೊತೆ ಕೂತೇ ಫೋನಿನಲ್ಲಿ ನೋಡಬೇಕೆಂದು ಅವನು ಆ ಸರ್ವರಿಗೆ ಇಂಟರ್‌ನೆಟ್ಟಿನಿಂದ ನೇರ ಬಾಗಿಲು ಮಾಡಿಸಿದ್ದ. ಪ್ಯಾಚ್ ಹಾಕುವವರೆಗೆ ಆ ಹೊರಗಿನ ಬಾಗಿಲನ್ನಾದರೂ ಮುಚ್ಚಿಡೋಣ ಎಂದು ದಿಗಂಬರ ಅವನ ಬಳಿ ಬೇಡಿಕೊಂಡ. ವೈಭವ ನಕ್ಕ.

"ಕದೀಲಾಕ ಅದರಾಗ ಏನದ? ನಮ್ಮ ರೊಕ್ಕ ಬ್ಯಾರೆ ಕಡಿ ಅದ. ಅದರಾಗಿರೋದು ಈ ಹೆಂಗಸರ ಬೆರಳು. ಅವು ಯಾವಂಗ ಬೇಕು?"

ದಿಗಂಬರ ಅಂದು ಮಧ್ಯಾಹ್ನ ಯಾರನ್ನೂ ಕೇಳದೆ ಹೊರಗಿನ ಬಾಗಿಲು ಮುಚ್ಚಿದ. ಅವನು ಜೀವಮಾನದಲ್ಲಿ ಮಾಡಿದ ಒಂದೇ ಧೈರ್ಯದ ಕೆಲಸ. ಅದರ ಆಯುಷ್ಯ ಸಂಜೆಯವರೆಗೆ. ಫೋನಿನಲ್ಲಿ ಮಿಲ್ಲು ಕಾಣದಾದಾಗ ವೈಭವ ಕಾರು ಓಡಿಸಿಕೊಂಡು ಬಂದ. ಚೀಲ ಹೊಲಿಯುವ ಶೆಡ್ಡಿನಲ್ಲಿ, ಹಮಾಲರ ಕಣ್ಣೆದುರಿಗೆ, ಸೊಂಟದ ಬೆಲ್ಟು ಬಿಚ್ಚಿ ದಿಗಂಬರನ ಬೆನ್ನಿಗೆ ಬಾರಿಸಿದ. ಅಂಗಿ ಹರಿಯುವವರೆಗೆ ಬಾರಿಸಿದ. ಆಮೇಲೆ ಬಕ್ಕಲ್ಲಿನ ಕಡೆಯಿಂದ ಮುಖಕ್ಕೆ ಹೊಡೆದ. ತುಟಿ ಸೀಳಿತು. ರಕ್ತ ಒರೆಸಿಕೊಳ್ಳುತ್ತಲೇ ದಿಗಂಬರ ಕೀಬೋರ್ಡಿನ ಮುಂದೆ ಕೂತು ತಾನೇ ಮುಚ್ಚಿದ ಬಾಗಿಲನ್ನು ತಾನೇ ತೆರೆದ.

ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಅನ್ನುತ್ತೀರಿ. ಅವನ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ ಸರ್ಟಿಫಿಕೇಟು ಎರಡೂ ಸೇರಿದ ದಿನದಿಂದ ಸಾವ್ಕಾರರ ತಿಜೋರಿಯಲ್ಲಿದ್ದವು. ಜೀತಕ್ಕೆ ಈಗ ಸರಪಳಿ ಬೇಕಾಗಿಲ್ಲ.

ತೂತಿನೊಳಗೆ ನುಗ್ಗಿದವನು ಯಾವ ದೇಶದವನೋ, ಇಂದಿಗೂ ಗೊತ್ತಿಲ್ಲ. ಅವನು ಒಯ್ದದ್ದು, ಯಾರಿಗೆ ಬೇಕು ಎಂದು ವೈಭವ ನಕ್ಕಿದ್ದ ಆ ಬೆರಳುಗಳನ್ನೇ.

ಸರುಬಾಯಿಗೆ ಅದು ತಿಳಿದದ್ದು ತಗಡು ಕೊಳ್ಳಲು ಹೊರಟ ದಿನ. ಮಳೆಗಾಲಕ್ಕೆ ಮೊದಲು ಮನೆಯ ಮೇಲೆ ತಗಡು ಹೊದಿಸಬೇಕೆಂದು ವರ್ಷಗಟ್ಟಲೆ ಕೂಡಿಸಿದ್ದಳು. ಓಣಿಯ ಕಿರಾಣಿ ಅಂಗಡಿಯಲ್ಲಿ ಬ್ಯಾಂಕಿನ ಸಣ್ಣ ಯಂತ್ರವಿತ್ತು. ಅಲ್ಲಿ ಬೆರಳಿಟ್ಟರೆ ಖಾತೆಯ ದುಡ್ಡು ಕೈಗೆ ಬರುತ್ತದೆ. ಆಕೆ ಉಂಗುರದ ಬೆರಳಿಟ್ಟಳು. ಖಾತೆ ಬರಿದಾಗಿತ್ತು. ಯಾವುದೋ ದೂರದ ಊರಿನಲ್ಲಿ ಬೆರಳಿಟ್ಟೇ ತೆಗೆದಿದ್ದಾರೆ ಎಂದು ಅಂಗಡಿಯವನು ಪರದೆ ನೋಡಿ ಹೇಳಿದ.

"ನನ್ನ ಬೆರಳು ನನ್ನ ಕೈಯಾಗೇ ಅದಲ್ಲೋ ಯಪ್ಪಾ," ಅಂದಳು ಸರುಬಾಯಿ.

ಬೆರಳಿನ ಗೆರೆಯ ಚಿತ್ರ ಒಂದಿದ್ದರೆ ರಬ್ಬರಿನ ಬೆರಳು ಎರಕ ಹೊಯ್ಯಬಹುದು ಎಂದು ಅವನು ವಿವರಿಸಿದ. ವಾರದೊಳಗೆ ಮಿಲ್ಲಿನ ಹೆಂಗಸರ, ಹಮಾಲರ ಖಾತೆಗಳೆಲ್ಲ ಒಂದೊಂದಾಗಿ ಖಾಲಿಯಾದವು. ಬ್ಯಾಂಕಿಗೆ ಹೋದರೆ, ನಿಮ್ಮದೇ ಬೆರಳು ಅಂದಮೇಲೆ ನೀವೇ ತೆಗೆದಿರಿ ಎಂದು ಹೊರಗೆ ಕಳಿಸಿದರು. ಹೆಂಗಸರು ಎದೆ ಬಡಿದುಕೊಳ್ಳುತ್ತ ಮಿಲ್ಲಿನ ಅಂಗಳಕ್ಕೆ ಬಂದರು.

ವೈಭವ ತೂಕದ ಕಾಟಾದ ಕಟ್ಟೆ ಹತ್ತಿ ನಿಂತ. ಅವನಿಗೆ ಬೆವರು ಕೂಡ ಬಂದಿರಲಿಲ್ಲ.

"ನಿಮ್ಮ ಹತ್ತೂ ಬೆರಳು ಒಂದೊಂದಾಗಿ ಹಿಡದು ಫೋಟೋ ತಗದಾಂವ ಯಾರು? ನಾ ತಗದೆನೇನು? ನಮ್ಮಪ್ಪ ತಗದನೇನು?"

ಹೆಂಗಸರು ತಿರುಗಿ ನೋಡಿದರು. ದಿಗಂಬರ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಅವನು ಬಾಯಿ ತೆರೆದ. ತೂತು, ಪ್ಯಾಚ್, ಲಕ್ಷ್ಮಿ ಎಂದು ಏನೋ ಹೇಳುತ್ತಿದ್ದ. ಹಸಿದ ಹೊಟ್ಟೆಗೆ ಅದೊಂದೂ ಅರ್ಥವಾಗಲಿಲ್ಲ. ಮೊದಲ ಏಟು ಸರುಬಾಯಿಯದು. ಯಾವ ಗಲ್ಲ ಸವರಿದ್ದಳೋ ಅದೇ ಗಲ್ಲಕ್ಕೆ ಚಪ್ಪಲಿಯಿಂದ ಹೊಡೆದಳು. ಅಲ್ಲಿಂದ ಆಚೆ ಯಾರ ಕೈ ಯಾರದೆಂದು ತಿಳಿಯಲಿಲ್ಲ. ಮೊರದಿಂದ, ಸುತಳಿಯ ಉಂಡೆಯಿಂದ, ಕೈಗೆ ಸಿಕ್ಕಿದ್ದರಿಂದ ಹೊಡೆದರು. ವೈಜನಾಥನೆಂಬ ಮುದುಕ ಹಮಾಲ, ಮಗನ ಮದುವೆಗೆಂದು ಇಟ್ಟದ್ದನ್ನು ಕಳೆದುಕೊಂಡವನು, ಕೆಳಗೆ ಬಿದ್ದವನ ಪಕ್ಕೆಗೆ ಒದ್ದ. ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ, ಮಾವಶಿ ಎನ್ನುತ್ತ ದಿಗಂಬರ ಸರುಬಾಯಿಯ ಕಾಲು ಹಿಡಿದುಕೊಳ್ಳಲು ತೆವಳಿದ. ಆಕೆ ಕಾಲು ಕೊಸರಿಕೊಂಡಳು.

ಬಡವರು ಬಡವನನ್ನು ಹೊಡೆಯುವುದನ್ನು ವೈಭವ ಸಾಕಷ್ಟು ಹೊತ್ತು ನೋಡಿದ. ಆಮೇಲೆ ಕೆಳಗಿಳಿದು ತನ್ನ ಇಬ್ಬರು ಆಳುಗಳಿಗೆ ಸನ್ನೆ ಮಾಡಿದ. ಅವರು ದಿಗಂಬರನ ಬಲಗೈಯನ್ನು ಕಾಟಾದ ಕಬ್ಬಿಣದ ಹಾಸಿನ ಮೇಲೆ ಅದುಮಿ ಹಿಡಿದರು. ವೈಭವ ಇಪ್ಪತ್ತು ಕಿಲೋದ ತೂಕದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದ.

"ಬೆರಳು ಕದ್ದಾಂವಗ ಬೆರಳ್ಯಾಕ ಬೇಕು?"

ಕಲ್ಲು ಬಿತ್ತು. ಎಲುಬು ಮುರಿದ ಸಪ್ಪಳ ಅಂಗಳದ ಆ ತುದಿಗೂ ಕೇಳಿತು. ಅವನು ಮತ್ತೆ ಎತ್ತಿ ಮತ್ತೆ ಹಾಕಿದ. ಹೊಡೆಯುತ್ತಿದ್ದ ಹೆಂಗಸರ ಕೈಗಳು ಗಾಳಿಯಲ್ಲೇ ನಿಂತವು. ದಿಗಂಬರ ಕೂಗಲೂ ಇಲ್ಲ, ಕಣ್ಣು ಮೇಲಾಗಿತ್ತು. ಗಾದಿಯ ಕೋಣೆಯ ಕಿಟಕಿಯಲ್ಲಿ ಕಲ್ಯಾಣಪ್ಪ ಶಿವಶಿವಾ ಅಂದರು, ಕಿಟಕಿ ಹಾಕಿಕೊಂಡರು. ಪೊಲೀಸರು ಬಂದು ದಿಗಂಬರನನ್ನು ಆರೋಪಿ ಎಂದು ಬರೆದುಕೊಂಡು ಸರಕಾರಿ ದವಾಖಾನೆಗೆ ಹಾಕಿದರು. ಅವನ ಫೋನು, ಕಂಪ್ಯೂಟರು ಎಲ್ಲ ಜಪ್ತಿಯಾಯಿತು. ಆ ಕೈ ಮುರಿದ ವೈಭವನ ಮೇಲೆ ಮಾತ್ರ ಯಾವ ದೂರೂ ಇರಲಿಲ್ಲ. ಜನ ರೊಚ್ಚಿಗೆದ್ದು ಹೊಡೆದರು ಎಂದು ಬರೆದರು. ಜನ ಎಂಬ ಪದಕ್ಕೆ ಎಷ್ಟು ಭಾರ ಹೊರಿಸಿದರೂ ಅದು ಸುಮ್ಮನಿರುತ್ತದೆ.

ಮರುದಿನ ಮಿಲ್ಲು ಎಂದಿನಂತೆ ನಡೆಯಿತು. ಅದೇ ಕರಿ ಡಬ್ಬಿ, ಅದೇ ಹಸಿರು ದೀಪ. ಒಬ್ಬರಿಬ್ಬರು ಬಿಟ್ಟುಹೋಗಿದ್ದರಿಂದ ದಾಳಿಂಬ ಎಂಬ ಊರಿನ ಮಂಗಲಾ ಎಂಬ ಹೊಸ ಹೆಂಗಸು ಕೆಲಸಕ್ಕೆ ಸೇರಿದಳು. ಗಂಡ ಸತ್ತು, ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದವಳು. ಅವಳ ಬೆರಳಿನ ಗುರುತುಗಳನ್ನು ವೈಭವನೇ ಕೂತು ತೆಗೆದ. ಇದೇನು ಮಹಾ ವಿದ್ಯೆ, ಇದಕ್ಕೆ ಅವನಿಗೆ ಪಗಾರ ಬೇರೆ ಕೊಡುತ್ತಿದ್ದೆವು ಎಂದು ನಗಾಡಿದ.

ಕೆಲವೇ ದಿನಕ್ಕೆ ಮಂಗಲಾಳ ಖಾತೆಯೂ ಖಾಲಿಯಾಯಿತು. ಗಂಡ ಸತ್ತಾಗ ಸರಕಾರ ಕೊಟ್ಟದ್ದು ಅದರಲ್ಲಿತ್ತು.

ಅವಳು ಬೇಳೆಯ ರಾಶಿಯ ಮುಂದೆ ಕೂತು ಅಳುತ್ತಿದ್ದಾಗ ಸರುಬಾಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆಮೇಲೆ ಪಕ್ಕದವರಿಗೆಲ್ಲ ಕೇಳುವಂತೆ ಕೇಳಿದಳು.

"ದಿಗಂಬರ ಈಕಿ ಮಾರಿನೂ ನೋಡಿಲ್ಲ. ಅಂವಾ ಮುರದ ಕೈ ಇಟ್ಕೊಂಡು ಪೊಲೀಸ್ರ ಕಣ್ಣಾಗ ಮಲಗ್ಯಾನ. ಮತ್ತ ಈಕಿ ಬೆರಳು ಯಾರು ಒಯ್ದ್ರು?"

ಉತ್ತರ ಎಲ್ಲರಿಗೂ ಹೊಳೆದಿತ್ತು. ತಮ್ಮ ಕೈಗಳನ್ನು ತಾವೇ ನೋಡಿಕೊಂಡರು.

ಅಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸರುಬಾಯಿ ರೊಟ್ಟಿ, ಕಡಲೆಹಿಟ್ಟಿನ ಝುಣಕ ಕಟ್ಟಿಕೊಂಡು ದವಾಖಾನೆಗೆ ಹೋದಳು. ಬಾಗಿಲಲ್ಲಿ ಉಮಾಕಾಂತನೆಂಬ ಪೊಲೀಸಪ್ಪ ಶೇಂಗಾ ಸುಲಿಯುತ್ತ ಕೂತಿದ್ದ. ದಿಗಂಬರನ ಮಾವಶಿ ಅಂತ ಹೇಳಿ ಒಳಗೆ ಹೋದಳು. ದಿಗಂಬರನ ಬಲಗೈ ಮೊಳಕೈವರೆಗೆ ಬಿಳಿ ಬ್ಯಾಂಡೇಜಿನ ಗಂಟು. ಹೆಬ್ಬೆರಳು ಉಳಿಯಲಿಲ್ಲ, ತೆಗೆದುಹಾಕಿದ್ದಾರೆ ಎಂದು ನರ್ಸಮ್ಮ ಹೇಳಿದಳು. ಅವನು ಸರುಬಾಯಿಯನ್ನು ಕಂಡು ಹೆದರಿ ಗೋಡೆಗೆ ಸರಿದ. ಆಕೆ ಅವನ ಮಗ್ಗುಲಿಗೆ ಕೂತಳು. ರೊಟ್ಟಿ ಮುರಿದು, ಝುಣಕ ಹಚ್ಚಿ ಅವನ ಬಾಯಿಗಿಟ್ಟಳು. ಅವನು ತಿನ್ನುತ್ತ ಅತ್ತ. ಆಕೆಯೂ ಅತ್ತಳು.

"ಈಗ ಹೇಳು ತಮ್ಮಾ. ನನಗ ತಿಳಿಯೋ ಹಂಗ ಹೇಳು," ಅಂದಳು.

"ಮಾವಶಿ, ಲಾರಿ ಮ್ಯಾಗಿನ ಚೀಲ ಹರದು ಬ್ಯಾಳಿ ಸುರೀಲಾಕತ್ತದ ಅಂತ ತಿಳಿ. ನೀ ಏನ್ ಮಾಡ್ತಿ?"

"ಲಾರಿ ನಿಂದ್ರಿಸಿ ತ್ಯಾಪಿ ಹಾಕ್ತೀನಿ."

"ಲಾರಿ ನಿಂದ್ರಸಂಗಿಲ್ಲ, ದೀಪಾವಳಿ ತನಕ ಓಡ್ತಾನೇ ಇರ್ಬೇಕು ಅಂದ್ರ?"

ಚೀಲದ ತೂತು ಎಂದರೇನು, ಸುರಿದುಹೋದ ಬೇಳೆ ಎಂದರೇನು ಎಂದು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನು ಉಳಿದದ್ದನ್ನೂ ಹೇಳಿದ. ಸಾವ್ಕಾರರು ಒಲ್ಲೆ ಅಂದದ್ದು, ವೈಭವ ಬೆಲ್ಟಿನಿಂದ ಹೊಡೆದದ್ದು. ಆ ಬಾಗಿಲು ಈಗಲೂ ತೆರೆದೇ ಇದೆ, ಮೊದಲು ಬ್ಯಾಂಕಿಗೆ ಹೋಗಿ ಬೆರಳಿಟ್ಟು ದುಡ್ಡು ತೆಗೆಯುವುದನ್ನೇ ಬಂದ್ ಮಾಡಿಸಿ ಅಂದ. ಅವತ್ತೇ ಯಾರ ಮಾತೂ ಕೇಳದೆ ವಾಯರು ಕಿತ್ತು ಹಾಕಬೇಕಿತ್ತು, ಅಂಜಿದೆ ಅಂದ. ಪೊಲೀಸರು ಹೆಂಗಸರ ಹೇಳಿಕೆ ತಯಾರು ಮಾಡುತ್ತಿದ್ದಾರೆ, ಅದರ ಮೇಲೆ ನಿಮ್ಮ ಹೆಬ್ಬೆಟ್ಟು ಬಿದ್ದರೆ ನಾನು ಜೇಲಿಗೆ ಹೋದ ಹಾಗೆಯೇ ಎಂದು ಕೊನೆಗೆ ಹೇಳಿದ.

ಆಕೆ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತು, ನನ್ನ ಚಪ್ಪಲಿಯ ಋಣ ನಾನೇ ತೀರಿಸುತ್ತೇನೆ ಅಂದಳು.

ಅವನು ಹೇಳಿದ್ದನ್ನೆಲ್ಲ ಸರುಬಾಯಿ ಸಂಜೆಯೇ ಹೆಂಗಸರಿಗೂ ಹಮಾಲರಿಗೂ ಹೇಳಿದಳು. ಬ್ಯಾಂಕಿನ ಕೆಲಸವನ್ನು ಹೆಂಗಸರು ಮರುದಿನವೇ ಮಾಡಿಸಿಕೊಂಡರು. ಬ್ಯಾಂಕಿನ ಸಾಹೇಬನ ಬಾಗಿಲಲ್ಲಿ ಇಪ್ಪತ್ತು ಹೆಂಗಸರು ಕೂತು ಏಳದೆ ಹೋದಾಗ ಅವನಿಗೂ ಬೇರೆ ದಾರಿ ಇರಲಿಲ್ಲ.

ಅದರ ಮರುದಿನ ಪೊಲೀಸ್ ಜೀಪು ಮಿಲ್ಲಿಗೆ ಬಂತು. ಅಂಗಳದಲ್ಲಿ ಮೇಜು ಹಾಕಿಸಿ ಪೊಲೀಸ್ ಸಾಹೇಬರನ್ನು ಕೂರಿಸಿ ಚಹಾ ಕೊಟ್ಟರು. ಮರಾಠಿಯಲ್ಲಿ ಟೈಪು ಮಾಡಿದ ಹಾಳೆಗಳ ಕಟ್ಟು, ಪಕ್ಕದಲ್ಲಿ ಇಂಕಿನ ಪ್ಯಾಡು. ಹಾಳೆಗಳೆಲ್ಲ ಒಂದೇ, ಹೆಸರು ಮಾತ್ರ ಬೇರೆ. ಮೊದಲು ಸರುಬಾಯಿಯನ್ನು ಕರೆದರು. ಅಂಗಠಾ ಲಾವ್, ಅಂದರು ಸಾಹೇಬರು, ಹೆಬ್ಬೆಟ್ಟು ಒತ್ತು ಎಂದು.

"ಏನ್ ಬರದೀರಿ, ಓದಿ ಹೇಳ್ರಿ ಸಾಹೇಬ್ರ."

ಸಾಹೇಬರಿಗೆ ಬೇಸರವಾಯಿತು. ಆದರೂ ಓದಿದರು. ದಿಗಂಬರ ಹೆಂಗಸರ ಬೆರಳಿನ ಗುರುತುಗಳನ್ನು ಯಾರಿಗೋ ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದಿತ್ತು ಅದರಲ್ಲಿ.

"ನಾ ಕಂಡಿಲ್ಲ. ನಾ ಕಂಡದ್ದು ಈ ವೈಭವ ಅಂವನ ಕೈ ಮ್ಯಾಲ ಕಲ್ಲು ಹಾಕಿದ್ದು. ನಾ ಅಂವನಿಗಿ ಚಪ್ಪಲೀಲೆ ಹೊಡದದ್ದು. ಬರಕೊಳ್ರಿ. ಅದಕ್ಕ ಹತ್ತೂ ಬೆರಳು ಒತ್ತತೀನಿ."

ವೈಭವ ಬಂದು ಆಕೆಯ ಬಲಗೈ ಮಣಿಕಟ್ಟು ಹಿಡಿದು ಪ್ಯಾಡಿನ ಕಡೆ ಎಳೆದ. ಸರುಬಾಯಿ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿದಳು. ಅವನು ಬಿಚ್ಚಲು ನೋಡಿದ. ನಲವತ್ತು ವರ್ಷ ದಬ್ಬಣ ಹಿಡಿದ ಕೈ ಅದು, ಬಿಚ್ಚಲಿಲ್ಲ. ಕಿರುಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದ. ಆಕೆ ಸೆರಗು ಕಚ್ಚಿದಳು. ಅವನು ಇನ್ನೂ ಬಗ್ಗಿಸಿದ. ಲಟಕ್ಕೆಂದಿತು. ಬೆರಳು ಜೋತುಬಿತ್ತು. ಉಳಿದ ಮುಷ್ಟಿ ಹಾಗೇ ಇತ್ತು. ಸಾಹೇಬರು ಚಹಾದ ಕಪ್ಪು ಹಿಡಿದುಕೊಂಡೇ ಕೂತಿದ್ದರು.

ಸರುಬಾಯಿ ಬಾಯಿಂದ ಸೆರಗು ಬಿಟ್ಟಳು. "ಇನ್ನಾ ಬೆರಳ ಅದಾವ," ಅಂದಳು. "ಮುರಿ."

ಎರಡನೇ ಬೆರಳಿಗೆ ಅವನು ಕೈ ಹಾಕುವಷ್ಟರಲ್ಲಿ ವೈಜನಾಥ ಅವನ ಕತ್ತಿನ ಪಟ್ಟಿ ಹಿಡಿದು ಹಿಂದಕ್ಕೆ ಎಸೆದ. ನೂರು ಕಿಲೋದ ಚೀಲ ಹೊತ್ತ ಬೆನ್ನಿನ ಮುದುಕ. ವೈಭವ ಕಾಟಾದ ಕಟ್ಟೆಗೆ ಹೋಗಿ ಬಿದ್ದ, ತಲೆಯ ಹಿಂದೆ ಒಡೆಯಿತು. ಅವನ ಆಳುಗಳು ಬಡಿಗೆ ಹಿಡಿದು ನುಗ್ಗಿದರು. ವೈಜನಾಥನ ಹೆಗಲಿಗೆ ಏಟು ಬಿತ್ತು, ಅವನು ಕುಸಿದ. ಲಾಠಿಗಳು ಎದ್ದವು. ಹೆಂಗಸರು ಓಡಲಿಲ್ಲ. ಸರುಬಾಯಿಯ ಸುತ್ತ ಮುತ್ತಿಕೊಂಡು ಬೆನ್ನಿಗೆ ಏಟು ತಿಂದರು. ಬೇಳೆಯ ಧೂಳು ಎದ್ದು ಅಂಗಳವೆಲ್ಲ ಹಳದಿಯಾಯಿತು.

ಆ ಗದ್ದಲದಲ್ಲಿ ಮಂಗಲಾ ಗಾದಿಯ ಮೆಟ್ಟಿಲು ಹತ್ತಿದಳು. ಚಪ್ಪಲಿ ಬಿಡಲಿಲ್ಲ. ಬಿಳಿ ಹಾಸಿನ ಮೇಲೆ ಹೆಜ್ಜೆ ಮೂಡಿಸುತ್ತ ನೇರ ಕಪಾಟಿನ ಕಡೆ ನಡೆದಳು. ಕಲ್ಯಾಣಪ್ಪ ಎರಡೂ ಕೈ ಚಾಚಿ ಅಡ್ಡ ನಿಂತರು.

"ಲಕ್ಷ್ಮಿ ಅದಾಳವ್ವಾ. ಮುಟ್ಟಬ್ಯಾಡ. ಮನಿ ಹಾಳಾಗ್ತದ."

"ನಮ್ಮ ಮನಿ ಹಾಳಾಗಿ ಭಾಳ ದಿನ ಆತ್ರಿ," ಅಂದಳು ಮಂಗಲಾ.

ಕಲ್ಯಾಣಪ್ಪ ಹಿತ್ತಾಳೆಯ ದೀಪದ ಕಂಬ ಎತ್ತಿ ಅವಳ ಹಣೆಗೆ ಹೊಡೆದರು. ಎಂದೂ ಇರುವೆಯನ್ನೂ ಹೊಡೆದಿಲ್ಲವೆಂದು ಹೆಸರಾದ ಕೈ ಅದು. ಬಿಸಿ ಎಣ್ಣೆ, ರಕ್ತ ಎರಡೂ ಅವಳ ಕಣ್ಣಿಗಿಳಿದವು. ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. ಕಪಾಟಿನ ಗಾಜಿಗೆ ಮೊಳಕೈಯಿಂದ ಗುದ್ದಿದಳು. ಒಣಗಿದ ಚೆಂಡುಹೂ, ಕುಂಕುಮದ ಹಿಂದೆ ಗೊಂಯ್ ಅನ್ನುತ್ತಿದ್ದ ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿ, ಸಿಕ್ಕ ವಾಯರುಗಳನ್ನೆಲ್ಲ ಒಟ್ಟಿಗೆ ಹಿಡಿದು ಕಿತ್ತಳು.

ಗೊಂಯ್ ಅನ್ನುವ ಸದ್ದು ನಿಂತಿತು. ಗೇಟಿನ ಕರಿ ಡಬ್ಬಿಯಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಎಲ್ಲಿಯೂ ಬೆಂಕಿ ಬೀಳಲಿಲ್ಲ.

ಕಲ್ಯಾಣಪ್ಪ ಗಾದಿಯ ಮೇಲೆ ಕುಸಿದು ಕೂತು, ಕೈಯಲ್ಲಿದ್ದ ದೀಪದ ಕಂಬಕ್ಕೆ ಹತ್ತಿದ ರಕ್ತ ನೋಡುತ್ತಿದ್ದರು. ಲಾಠಿ ಬೀಸಿ ದಣಿದ ಪೊಲೀಸರು ನಿಂತರು. ಹೆಂಗಸರು ಒಬ್ಬರನ್ನೊಬ್ಬರು ಹಿಡಿದೆತ್ತಿಕೊಂಡು ಮೇಜಿನ ಮುಂದೆ ಬಂದು ನಿಂತರು. ತಲೆ ಒಡೆದವರಿದ್ದರು, ಕೈ ಊದಿದವರಿದ್ದರು. ಎಲ್ಲರ ಹೆಬ್ಬೆರಳೂ ಮುಷ್ಟಿಯೊಳಗಿತ್ತು. ಸಾಹೇಬರು ಎಲ್ಲರ ಮೇಲೂ ಕೇಸು ಹಾಕುತ್ತೇನೆ, ಸರಕಾರಿ ಕೆಲಸಕ್ಕೆ ಅಡ್ಡಿ, ಆಸ್ತಿ ನಾಶ, ಒಂದೂ ಬಿಡುವುದಿಲ್ಲ ಎಂದು ಕೂಗಾಡಿದರು. ಹಾಕಲಿಕ್ಕೂ ಹಾಕಿದರು. ಆ ಕೇಸು ಇಂದಿಗೂ ನಡೆದಿದೆ, ವೈಭವನ ಮೇಲೆ ಒಂದು ಸಾಲು ಸಹ ಇಲ್ಲ.

ಆದರೆ ಅಂದು ಸರುಬಾಯಿ ಜೋತುಬಿದ್ದ ಬೆರಳಿನ ಕೈಯನ್ನು ಎದೆಗೆ ಅವುಚಿಕೊಂಡು ಗಾದಿಯ ಕಡೆ ತಿರುಗಿದಳು.

"ಸಾವ್ಕಾರ್ರಿ, ಮಶೀನ್ ಬಂದ್ ಆಗ್ಯದ. 'ದೀಪಾವಳಿಗಿ ಹಾಕು' ಅಂದಿದ್ರಿ. ನಮಗ ಇವತ್ತೇ ದೀಪಾವಳಿ. ದಿಗಂಬರನ ಕರಕೊಂಡ ಬರ್ರಿ, ತ್ಯಾಪಿ ಹಾಕ್ಲಿ. ನಮ್ಮ ಬೆರಳೆಲ್ಲ ಅದರಾಗಿಂದ ಅಳಿಸ್ಲಿ. ಅಲ್ಲೀತನಕ ಯಾರೂ ಅದನ್ನ ಚಾಲೂ ಮಾಡಂಗಿಲ್ಲ."

ಹಾಗೆಂದು ಗಾದಿಯ ಮೆಟ್ಟಿಲ ಮೇಲೆ ಬಾಗಿಲಿಗೆ ಅಡ್ಡವಾಗಿ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ವೈಜನಾಥ ತೆವಳಿಕೊಂಡು ಬಂದು ಕೊನೆಯಲ್ಲಿ ಕೂತ. ಅಂಗಳದಲ್ಲಿ ಮೇಜು ಒಂದೇ ಉಳಿದಿತ್ತು. ಹಾಳೆಗಳು ಗಾಳಿಗೆ ಹಾರಿ ಬೇಳೆಯ ರಾಶಿಯ ಮೇಲೆ ಬಿದ್ದಿದ್ದವು. ತೆರೆದಿಟ್ಟ ಇಂಕಿನ ಪ್ಯಾಡು ಬಿಸಿಲಿಗೆ ಒಣಗುತ್ತಿತ್ತು.